ಒಗ್ಗರಣೆಯ ಘಮಕ್ಕೆ ಹೊಟ್ಟೆಯೂ ಏಳುತ್ತದೆ!

ಸಾಸಿವೆ ಚಟಪಟ ಸಿಡಿದು, ಇಂಗಿನ ಘಮ ನಡುಮನೆಗೆ ಹೋದರೆ ಸಾಕು, ಊಟಕ್ಕೆ ಕಾದು ಕುಳಿತವರ ಬಾಯಲ್ಲಿ ನೀರೂರುತ್ತದೆ. ಬಾಯಲ್ಲಿ ಮಾತ್ರವೇ? ಅಲ್ಲ ಸೋದರಿಯರೇ, ಅದೇ ಗಳಿಗೆಯಲ್ಲಿ ಹೊಟ್ಟೆಯೊಳಗೂ ಹುಳಿರಸ ಒಸರತೊಡಗುತ್ತದೆ. ಇಷ್ಟು ವರ್ಷ ಒಲೆಯ ಮುಂದೆ ನಿಂತ ನನಗೆ ಇದು ತಿಳಿದದ್ದು ನಾನೇ ಹಾಸಿಗೆ ಹಿಡಿದ ಮೇಲೆ!

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ನಮ್ಮ ಮನೆಯಲ್ಲಿ ನಾಟಿಯ ದಿನಗಳೆಂದರೆ ಕೇಳಬೇಡಿ. ಗದ್ದೆಯ ಆಳುಗಳಿಗೆ ಬುತ್ತಿ, ಅತ್ತೆಗೆ ಪಥ್ಯ, ಮಕ್ಕಳಿಗೆ ಡಬ್ಬಿ. ಎಲ್ಲರದ್ದೂ ಮುಗಿದು ನಾನು ತಟ್ಟೆಯ ಮುಂದೆ ಕೂರುವಾಗ ಮೂರು ಗಂಟೆ. ಸೊಂಟನೋವಿಗೆಂದು ಅಂಗಡಿಯಿಂದ ತರಿಸಿದ ನೋವಿನ ಮಾತ್ರೆ ಬೇರೆ, ಅದೂ ದಿನಾ. ತಿಂಗಳು ಕಳೆಯುವುದರೊಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಹುಳಿತೇಗು. "ಖಾರ ಬಿಡು ಮಾರಾಯ್ತಿ" ಅಂದರು ಅತ್ತೆ. ಬಿಟ್ಟೆ. ಸೋಡಾಪುಡಿ ಕದಡಿ ಕುಡಿದೆ. ಉರಿ ಹೋಗಲಿಲ್ಲ.

ಒಂದು ದಿನ ಮಲ ಡಾಂಬರಿನಂತೆ ಕಪ್ಪಗೆ ಹೋಯಿತು. ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದಾಗ ಇವರು ಶಿವಮೊಗ್ಗಕ್ಕೆ ಕರೆದೊಯ್ದರು. ಬಾಯಿಂದ ನಳಿಗೆ ಇಳಿಸಿ ನೋಡಿದ ಡಾಕ್ಟರು, "ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿದೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು" ಎಂದರು.

ಆಸ್ಪತ್ರೆಯಲ್ಲಿ ಅವರನ್ನು ಕೇಳಿ, ಮನೆಗೆ ಬಂದು ಮಗಳ ಪಿ.ಯು.ಸಿ. ಪುಸ್ತಕ ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ಜಠರ ದಿನಕ್ಕೆ ಸುಮಾರು 2 ಲೀಟರ್ ರಸ ಒಸರುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಅನ್ನದ ಜೊತೆ ಬಂದ ರೋಗಾಣುಗಳನ್ನು ಕೊಲ್ಲುತ್ತದೆ, ಬೇಳೆ-ಮೊಟ್ಟೆಗಳ ಸತ್ವ ಕರಗಲು ನೆರವಾಗುತ್ತದೆ. ಈ ಆಮ್ಲಕ್ಕೆ ಅಪ್ಪಣೆ ಕೊಡುವವರು ಇಬ್ಬರು.

ಮೊದಲನೆಯದು ನರ. ಅಡುಗೆಯ ನೋಟ, ವಾಸನೆ, ರುಚಿ, ಅಷ್ಟೇಕೆ, ಊಟದ ನೆನಪಾದರೂ ಸಾಕು, ಮಿದುಳಿನಿಂದ ವೇಗಸ್ ಎಂಬ ನರದ ಮೂಲಕ ಜಠರಕ್ಕೆ ಸುದ್ದಿ ಹೋಗುತ್ತದೆ. ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿ, ನಾಯಿ ನುಂಗಿದ ತುತ್ತು ಕುತ್ತಿಗೆಯಿಂದಲೇ ಹೊರಗೆ ಬೀಳುವಂತೆ ಶಸ್ತ್ರಕ್ರಿಯೆ ಮಾಡಿ ನೋಡಿದರು. ಹೊಟ್ಟೆಗೆ ಏನೂ ಸೇರದಿದ್ದರೂ ರಸ ಧಾರಾಳವಾಗಿ ಬಂತು. ಆ ನರವನ್ನು ಕತ್ತರಿಸಿದಾಗ ನಿಂತಿತು! 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯದು ಹಾರ್ಮೋನು. ಅನ್ನ-ಸಾರು ಒಳಗಿಳಿದು ಜಠರ ಹಿಗ್ಗಿದಾಗ ಅದರ ಕೆಳಭಾಗವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೈಯೆಲ್ಲ ಸುತ್ತಿ ಅದೇ ಜಠರಕ್ಕೆ ಮರಳಿ ಬಂದು ಆಮ್ಲವನ್ನು ಹೆಚ್ಚಿಸುತ್ತದೆ. 1905ರಲ್ಲಿ ಇಂಗ್ಲೆಂಡಿನ ಎಡ್ಕಿನ್ಸ್ ಇದನ್ನು ಗುರುತಿಸಿದರು. ಆಮ್ಲ ಅತಿಯಾದರೆ ಗ್ಯಾಸ್ಟ್ರಿನ್ ತಾನೇ ತಗ್ಗುತ್ತದೆ. ಆಹಾರ ಕರುಳಿಗಿಳಿದ ಮೇಲೆ ಸೆಕ್ರೆಟಿನ್ ಮೊದಲಾದ ಹಾರ್ಮೋನುಗಳು "ಇನ್ನು ಸಾಕು" ಅನ್ನುತ್ತವೆ.

ನಮ್ಮ ಪಾಡು ನೋಡಿ. ಬೆಳಗಿನಿಂದ ಘಮ ಕುಡಿಯುತ್ತೇವೆ, ಉಪ್ಪು-ಹುಳಿ ನಾಲಗೆಗೆ ಹಚ್ಚಿ ನೋಡುತ್ತೇವೆ. ನರ ತನ್ನ ಕೆಲಸ ಮಾಡಿಯಾಯಿತು, ಹುಳಿಯನ್ನು ಹೀರಿಕೊಳ್ಳಲು ಹೊಟ್ಟೆಯಲ್ಲಿ ಅನ್ನವೇ ಇಲ್ಲ!

"ಹಾಗಾದರೆ ಹಸಿದದ್ದಕ್ಕೇ ಹುಣ್ಣಾಯಿತೇ?" ಎಂದು ಕೇಳಿದೆ. "ಉರಿ ಹೆಚ್ಚಿರಬಹುದು. ಆದರೆ ಬರೀ ಹಸಿವಿನಿಂದ, ಖಾರದಿಂದ ಹುಣ್ಣಾಗುವುದಿಲ್ಲ" ಎಂದರು ಡಾಕ್ಟರು. ಜಠರದ ಗೋಡೆಗೆ ಲೋಳೆಯ ಹೊದಿಕೆಯಿದೆ. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಆ ಕಾವಲನ್ನು ದುರ್ಬಲ ಮಾಡುತ್ತವೆ. ಆಗ ನಮ್ಮದೇ ಆಮ್ಲ ನಮ್ಮನ್ನೇ ಸುಡುತ್ತದೆ. ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಇದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ದೊರೆಯಿತು. ನನ್ನಲ್ಲಿ ಆ ರೋಗಾಣು ಇರಲಿಲ್ಲ, ಮಾತ್ರೆಯೇ ಅಪರಾಧಿ.

ಆದ್ದರಿಂದ ಸೋದರಿಯರೇ, ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ದಿನಾ ನುಂಗಬೇಡಿ. ಊಟವಾದ ಮೇಲೆ ತೆಗೆದುಕೊಂಡರೂ ಅಪಾಯ ತಪ್ಪಿತೆಂದಲ್ಲ. ಉರಿ ವಾರಗಟ್ಟಲೆ ಇದ್ದರೆ ಸೋಡಾಪುಡಿಯಲ್ಲಿ ಮುಚ್ಚಿಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ನಾಚಿಕೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಈಗ ನಮ್ಮ ಮನೆಯಲ್ಲಿ ಒಲೆ ಆರಿದ ಕೂಡಲೇ ಅತ್ತೆ ತಮ್ಮ ಪಕ್ಕದಲ್ಲಿ ನನಗೂ ತಟ್ಟೆ ಇಡುತ್ತಾರೆ. "ಬಾರೇ, ನಿನ್ನ ನರ ಆಗಲೇ ಅಪ್ಪಣೆ ಕೊಟ್ಟಾಯ್ತು!" ಎಂದು ನಗುತ್ತಾರೆ.