ಕಣ್ಣಿನ ಪೊರೆ: ಬರುವ ಮೊದಲು, ಬಂದ ಮೇಲೆ

ದಂಪತಿಗಳೇ,

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿಯೂ ಜೋಳದ ಹೊಲಗಳಲ್ಲಿಯೂ ನೀವು ದಿನವಿಡೀ ಬಿಸಿಲಿನಲ್ಲಿ ದುಡಿಯುವಿರಿ. ಮನೆಯ ಹಿರಿಯರಿಗೆ ಕಣ್ಣಿನ ಪೊರೆ, ಅಂದರೆ ಮೋತಿಬಿಂದು, ಬಂದುದನ್ನು ಕಂಡು ‘ಇದು ಮುಪ್ಪಿನ ರೋಗ, ನಮಗಿನ್ನೂ ದೂರ’ ಎಂದು ಭಾವಿಸಬಹುದು. ಆದರೆ ಮುಪ್ಪಿನಲ್ಲಿ ಕಾಣಿಸುವ ಪೊರೆಗೆ ಕಾರಣವಾದ ಹಾನಿಯು ಪ್ರಾಯದಿಂದಲೇ ಕೂಡುತ್ತ ಬರುತ್ತದೆ.

ಪೊರೆಯೆಂದರೇನು? ಕಣ್ಣಿನ ಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಮಸೂರವಿದೆ. ಅದರ ಮುಂಭಾಗವನ್ನು ಜೀವಕೋಶಗಳ ಒಂದು ಪದರವು ಹೊದ್ದಿದೆ. ಈ ಕೋಶಗಳು ಮಸೂರದ ಅಂಚಿನಲ್ಲಿ ನೀಳವಾದ ಎಳೆಗಳಾಗಿ ಬೆಳೆದು, ಹಳೆಯ ಎಳೆಗಳನ್ನು ಸುತ್ತಿಕೊಳ್ಳುತ್ತವೆ. ಚರ್ಮವು ಸವೆದ ಕೋಶಗಳನ್ನು ಉದುರಿಸುವಂತೆ ಮಸೂರವು ಉದುರಿಸಲಾರದು. ತಾಯಿಯ ಗರ್ಭದಲ್ಲಿ ಉಂಟಾದ ಎಳೆಗಳೂ ಕಡೆಯವರೆಗೆ ಅದರೊಳಗೇ ಉಳಿಯುತ್ತವೆ.

ಕೋಶವು ಹೇಗೆ ಬೆಳೆಯಬೇಕೆಂಬ ಸೂಚನೆಯು ಅದರೊಳಗಿನ ಡಿ.ಎನ್.ಎ. ಎಂಬ ವಸ್ತುವಿನಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣಗಳೂ ಬೀಡಿ ಸಿಗರೇಟುಗಳ ಹೊಗೆಯೂ ಇದಕ್ಕೆ ಹಾನಿ ಮಾಡುತ್ತವೆ. ಕೋಶವು ಈ ಹಾನಿಯನ್ನು ತಾನೇ ಸರಿಪಡಿಸಿಕೊಳ್ಳುವುದಾದರೂ ವಯಸ್ಸಾದಂತೆ ಆ ಶಕ್ತಿಯು ಕುಗ್ಗುತ್ತದೆ. ಆಗ ಕೆಲವು ಕೋಶಗಳು ಸಾಯುತ್ತವೆ. ಎಳೆಗಳ ಜೋಡಣೆ ಕೆಡುತ್ತದೆ. ಎಳೆಗಳೊಳಗಿನ ಸಸಾರಜನಕವೂ ಕೆಟ್ಟು, ತಿಳಿಯಾದ ಮೊಟ್ಟೆಯ ಲೋಳೆಯು ಬೆಂದಾಗ ಬೆಳ್ಳಗಾಗುವಂತೆ, ಮಸೂರವು ಮಬ್ಬಾಗುತ್ತದೆ. ಮಧುಮೇಹ, ಕಣ್ಣಿಗಾದ ಪೆಟ್ಟು, ವೈದ್ಯರ ಸಲಹೆಯಿಲ್ಲದೆ ಬಹುದಿನ ಬಳಸಿದ ಸ್ಟೀರಾಯ್ಡ್ ಹನಿಗಳು ಸಹ ಪೊರೆಯನ್ನು ಬೇಗ ತರುತ್ತವೆ.

ಆದ್ದರಿಂದ ಹೊಲದಲ್ಲಿ ಕಣ್ಣಿಗೆ ನೆರಳು ಬೀಳುವಂತೆ ಅಂಚುಳ್ಳ ಟೋಪಿ ಧರಿಸಿರಿ. ಇಲ್ಲವೆ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳಿರಿ. ಬೀಡಿ ಸೇದುವುದನ್ನು ಬಿಡಿರಿ. ಅಡುಗೆಮನೆಯಲ್ಲಿ ಒಲೆಯ ಹೊಗೆ ಹೊರಹೋಗಲು ದಾರಿ ಮಾಡಿರಿ. ಮಧುಮೇಹವಿದ್ದರೆ ಹತೋಟಿಯಲ್ಲಿಡಿರಿ. ಇದರಿಂದ ಪೊರೆ ಬಾರದೆಂಬ ಭರವಸೆಯಿಲ್ಲ. ಆದರೆ ಅದು ಬರುವುದು ತಡವಾಗಬಹುದು.

ಬಂದ ಪೊರೆಯನ್ನು ಯಾವ ಔಷಧದ ಹನಿಯೂ ಕರಗಿಸಲಾರದು. ‘ಪೊರೆ ಹಣ್ಣಾಗಲಿ’ ಎಂದು ಕಾಯುವುದೂ ತಪ್ಪು. ಬಹಳ ಬಲಿತ ಪೊರೆಯಿಂದ ಕಣ್ಣಿನೊಳಗಿನ ಒತ್ತಡವು ಏರಿ, ದೃಷ್ಟಿಯು ಶಾಶ್ವತವಾಗಿ ನಷ್ಟವಾಗಬಹುದು. ಶಸ್ತ್ರಚಿಕಿತ್ಸೆಯೊಂದೇ ಉಪಾಯ. ಮಬ್ಬಾದ ಮಸೂರವನ್ನು ತೆಗೆದು, ಅಲ್ಲಿ ಕೃತಕ ಮಸೂರವನ್ನು ಇಡುವರು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುವ ಈ ಚಿಕಿತ್ಸೆಯು, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಮನೆಯಲ್ಲಿ ತಂದೆತಾಯಿ, ಅತ್ತೆಮಾವಂದಿರ ದೃಷ್ಟಿಯು ಮಬ್ಬಾಗಿದ್ದರೆ, ಸುಗ್ಗಿ ಮುಗಿಯಲೆಂದು ಕಾಯದೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅಗತ್ಯವಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿರಿ. ನಿಮ್ಮ ಕಣ್ಣಿಗೆ ಇಂದೇ ನೆರಳು, ಹಿರಿಯರ ಕಣ್ಣಿಗೆ ಇಂದೇ ಚಿಕಿತ್ಸೆ: ಇವೆರಡೂ ನಿಮ್ಮ ಕೈಯಲ್ಲಿವೆ.