ಕೋವಿಗಿಂತ ಮೊದಲು ಬೀಗ

ಬಳ್ಳಾರಿ ನಗರವಾಗಲಿ, ಸಿರುಗುಪ್ಪದ ಭತ್ತದ ಬಯಲಾಗಲಿ, ಕುರುಗೋಡಿನ ಬೆಟ್ಟದ ಮಗ್ಗುಲಾಗಲಿ, ಪರವಾನಗಿಯ ಕೋವಿ, ಪಿಸ್ತೂಲುಗಳನ್ನುಳ್ಳ ನಾವು ಕಲೆತಾಗ ಮಾತು ನಳಿಗೆಯ ತುಕ್ಕು, ಎಣ್ಣೆ, ಬೆಳೆ, ಕಾಲುವೆಯ ನೀರು ಎಂದು ಸಾಗುತ್ತದೆ. ಅನುಭವವನ್ನು ಹಂಚಿಕೊಳ್ಳುವುದು ಒಳಿತೇ. ಆದರೆ ಮೊದಲು ಹೇಳಬೇಕಾದ ಮಾತು ಬೇರೆಯಿದೆ. ಒರೆಸುವ ಮುನ್ನ ಒಳಗೆ ಗುಂಡಿಲ್ಲವೆಂದು ಕಣ್ಣಾರೆ ಕಾಣಬೇಕು; ನಳಿಗೆಯನ್ನು ಯಾರತ್ತಲೂ ತಿರುಗಿಸಬಾರದು; ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆಯಾಗಿ ಬೀಗ ಹಾಕಿಡಬೇಕು. ಅದನ್ನು ಆಟಿಕೆಯೆಂದು ಬಗೆಯುವ ಮಗು ನಮ್ಮ ಮನೆಯಲ್ಲೇ ಇದ್ದೀತು.

1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿದೆ. ಮದುವೆ ಮುಂತಾದ ಸಂಭ್ರಮಗಳಲ್ಲಿ ಪರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದವರಿಗೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಆದರೆ ನಮ್ಮ ಬೀರುವಿಗೆ ಬೀಗ ಹಾಕುವ ಹೊಣೆ ನಮ್ಮದೇ. ಅದರ ಕೀಲಿಕೈ ಎಲ್ಲಿದೆಯೆಂದು ಇಂದೇ ನೋಡಿಕೊಳ್ಳೋಣ.