ಪಕ್ಕದವರ ಉಸಿರು

ನವೆಂಬರ್ ಒಂದರ ಬೆಳಿಗ್ಗೆ ಯಾವ ಊರಿನ ಮೈದಾನಕ್ಕಾದರೂ ಹೋಗಿ ನಿಲ್ಲಿ. ಬಾವುಟ ಏರುತ್ತದೆ, ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ಮೂವತ್ತು ಜನರ ತಂಡ ನಾಡಗೀತೆ ಎತ್ತಿಕೊಳ್ಳುತ್ತದೆ. ಮೊದಲ ಸಾಲು ಚೆನ್ನಾಗಿಯೇ ಬರುತ್ತದೆ. ಕಿವಿಗೊಟ್ಟರೆ ಅದರ ಬೆನ್ನಿಗೇ ಇನ್ನೊಂದು ಸದ್ದು. ಸಾಲು ಮುಗಿದ ಕೂಡಲೇ ಮೂವತ್ತೂ ಜನ ಒಟ್ಟಿಗೆ ಗಾಳಿ ಎಳೆದುಕೊಳ್ಳುವ ಸದ್ದು ಅದು. ಮೈಕು ಅದನ್ನು ನಿಯತ್ತಾಗಿ ಮೈದಾನದ ತುದಿಗೂ ಮುಟ್ಟಿಸುತ್ತದೆ. ಹಾಡು ಮುಂದುವರಿದಂತೆ ಸಾಲಿನ ಕೊನೆಯ ಅಕ್ಷರಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಡೆ ಉದುರಿಹೋಗುತ್ತವೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದೊಳಗೆ ನಾಡಗೀತೆ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಉಸಿರು ಎಲ್ಲೆಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಮಾತ್ರ ತಂಡಗಳೇ ಗೊತ್ತುಮಾಡಿಕೊಳ್ಳಬೇಕು. ಯಾರೂ ಮಾಡಿಕೊಳ್ಳುವುದಿಲ್ಲ.

ನಮ್ಮ ಬಡಾವಣೆಯ ಸಮೂಹ ಗಾಯನ ತಂಡದ ಹಿಂದಿನ ಸಾಲಿನಲ್ಲಿ ನಾನೂ ಕೆಲವು ವರ್ಷ ನಿಂತವನು. ಎರಡು ಗಂಟೆ ಅಭ್ಯಾಸ ನಡೆಯುತ್ತಿತ್ತು. ಧಾಟಿ, ತಾಳ, ಸಾಹಿತ್ಯದ ತಪ್ಪುಗಳು, ಕಾರ್ಯಕ್ರಮದ ದಿನ ಯಾವ ಬಣ್ಣದ ಸೀರೆ, ಎಲ್ಲ ಚರ್ಚೆಯಾಗುತ್ತಿತ್ತು. ಉಸಿರಿನ ವಿಷಯಕ್ಕೆ ಇದ್ದದ್ದು ಒಂದೇ ಮಾತು: ‘ಹೊಟ್ಟೆಯಿಂದ ಹಾಡ್ರೀ!’ ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. ಪ್ರತಿ ಸ್ವರಕ್ಕೂ ಹೊಟ್ಟೆಯನ್ನು ಒಳಕ್ಕೆ ಜಗ್ಗಿ, ಬಿಗಿದು, ಕತ್ತಿನ ನರ ಉಬ್ಬಿಸಿ ಹಾಡಿದೆ. ಎರಡು ತಿಂಗಳಲ್ಲಿ ದನಿ ಒಡೆಯಿತು, ಸೊಂಟ ಹಿಡಿಯಿತು.

ಹಾಗೆ ನೋಡಿದರೆ ‘ಹೊಟ್ಟೆಯಿಂದ’ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಶಬ್ದ ಹುಟ್ಟುವ ಬಗೆ ಹೇಳುವಾಗ ಹೊಕ್ಕುಳ ಬುಡದಿಂದಲೇ ಶುರುಮಾಡುತ್ತಾನೆ. ಜೀವಕ್ಕೆ ಇಚ್ಛೆಯಾಗಬೇಕು, ಗಾಳಿ ಅನುಕೂಲವಾಗಿರಬೇಕು, ಆಗ ಕಹಳೆಯಿಂದ ಹೊರಟ ಹಾಗೆ ಶಬ್ದ ಹೊರಡುತ್ತದೆ ಎನ್ನುತ್ತಾನೆ. ಶಬ್ದದ ಬಣ್ಣ ಬಿಳಿ ಎಂದೂ ಹೇಳುತ್ತಾನೆ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನನಗೆ ಹಿಡಿಸುವುದು ಆ ‘ಅನುಕೂಲ’ ಎಂಬ ವಿಶೇಷಣ. ಗಾಳಿ ಇದ್ದರೆ ಸಾಲದು, ಅದು ಅನುಕೂಲವಾಗಿ ಹೊರಡಬೇಕು. ತಂಡಗಳಲ್ಲಿ ಹಾಡುವವರಿಗೆ ಸಾಮಾನ್ಯವಾಗಿ ಗಾಳಿಯ ಬಡತನ ಇರುವುದಿಲ್ಲ. ಇರುವುದನ್ನು ಖರ್ಚುಮಾಡಲು ಬರುವುದಿಲ್ಲ, ಅಷ್ಟೇ.

ಸುಮ್ಮನೆ ಕೂತಾಗ ನಾವು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ತೆಗೆದುಕೊಳ್ಳುತ್ತೇವೆ. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದಂತೆ ಕೂತ ವಪೆ ಎಂಬ ಸ್ನಾಯು ಕುಗ್ಗಿ ಕೆಳಗಿಳಿಯುತ್ತದೆ, ಹೊಟ್ಟೆ ಮುಂದಕ್ಕೆ ಸರಿಯುತ್ತದೆ, ಕೆಳಗಿನ ಪಕ್ಕೆಲುಬುಗಳು ಅಗಲವಾಗುತ್ತವೆ. ವಪೆಯ ದುಡಿಮೆ ಉಸಿರು ಒಳಗೆ ಬರುವಾಗ. ಹೊರಗೆ ಹೋಗುವಾಗ ಅದು ಸಡಿಲವಾಗಿ ಮೇಲೇರುತ್ತದೆ. ಹಾಡುಗಾರನ ಕಸುಬು ಆ ಏರುವಿಕೆಯನ್ನು ತಡೆದು ನಿಧಾನಿಸುವುದು. ಎಂದರೆ ಉಸಿರು ಬಿಡುತ್ತಿರುವಾಗಲೂ ಎಳೆದುಕೊಳ್ಳುವ ಸ್ನಾಯುಗಳು ಸ್ವಲ್ಪ ಹಿಡಿದುಕೊಂಡೇ ಇರಬೇಕು, ಪಕ್ಕೆಗಳು ಕೂಡಲೇ ಕುಸಿಯಬಾರದು. ಬಾವಿಗೆ ಬಿಂದಿಗೆ ಇಳಿಬಿಟ್ಟವರು ಹಗ್ಗವನ್ನು ಕೈಬಿಡದೆ ಜಾರಿಸುತ್ತಾರಲ್ಲ, ಹಾಗೆ. ಇಟಲಿಯ ಹತ್ತೊಂಬತ್ತನೆಯ ಶತಮಾನದ ಹಾಡುಗಾರಿಕೆ ಗುರು ಫ್ರಾನ್ಸೆಸ್ಕೊ ಲ್ಯಾಂಪರ್ಟಿ ಇದನ್ನು ದನಿಯ ಸೆಣಸಾಟ ಎಂದೇ ಕರೆದ. ಹೊಟ್ಟೆಯನ್ನು ಒಳಕ್ಕೆ ಜಗ್ಗಿದ ನಾನು ಹಗ್ಗ ಬಿಟ್ಟುಬಿಟ್ಟಿದ್ದೆ. ಬಿಂದಿಗೆ ಧೊಪ್ಪನೆ ಬೀಳುತ್ತಿತ್ತು.

ಇದನ್ನು ಕಲಿಯಲು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಅಂಗೈಗಳನ್ನು ಸೊಂಟದ ಮೇಲಿನ ಪಕ್ಕೆಗಳ ಮೇಲಿಡಿ. ಹೂ ಮೂಸುವವರ ಹಾಗೆ ಸದ್ದಿಲ್ಲದೆ ಉಸಿರೆಳೆದುಕೊಳ್ಳಿ. ಕೈಗಳು ಅತ್ತಿತ್ತ ಸರಿಯಬೇಕು, ಭುಜ ಏಳಬಾರದು. ಆಮೇಲೆ ‘ಸ್‌’ ಎಂದು ಒಂದೇ ಹದದಲ್ಲಿ ಗಾಳಿ ಬಿಡಿ. ಸದ್ದು ಮೊದಲು ಜೋರಾಗಿ ಆಮೇಲೆ ಸಣಕಲಾದರೆ ಅದು ಹಗ್ಗ ಜಾರಿದ ಲಕ್ಷಣ. ಹದಿನೈದು ಸೆಕೆಂಡು ಸಮನಾಗಿ ಬಂದರೆ ನಾಡಗೀತೆಯ ಯಾವ ಸಾಲಿಗೂ ಧಾರಾಳ ಸಾಕು. ಮೂವತ್ತು, ನಲವತ್ತು ಸೆಕೆಂಡು ಎಂದು ಪೈಪೋಟಿಗೆ ಬೀಳುವವರಿದ್ದಾರೆ. ಎದೆ ತುಂಬಾ ಗಾಳಿ ತುಂಬಿಕೊಂಡಷ್ಟೂ ಅದು ಬಲೂನಿನಂತೆ ಹೊರಕ್ಕೆ ನುಗ್ಗುತ್ತದೆ, ತಡೆಯುವುದು ಕಷ್ಟವಾಗುತ್ತದೆ, ಕೊನೆಗೆ ಗಂಟಲೇ ಬಾಗಿಲು ಹಾಕಿಕೊಳ್ಳುತ್ತದೆ. ಸಾಲಿಗೆ ಬೇಕಾದಷ್ಟೇ ತೆಗೆದುಕೊಳ್ಳಬೇಕು. ಪ್ರಾಣಾಯಾಮ ಮಾಡಿದವರಿಗೆ ಇಲ್ಲೊಂದು ತೊಡಕು ಬರುತ್ತದೆ. ಅಲ್ಲಿ ಮೂಗಿನಿಂದ ನಿಧಾನವಾಗಿ ಎಳೆಯುವ ಅಭ್ಯಾಸ, ಇಲ್ಲಿ ಎರಡು ಪದಗಳ ನಡುವೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಬಾಯಿ ತೆರೆದು, ಗಂಟಲು ಸಡಿಲ ಬಿಟ್ಟು, ಸದ್ದಿಲ್ಲದೆ ತೆಗೆದುಕೊಳ್ಳುವುದನ್ನು ಬೇರೆಯಾಗಿಯೇ ಕಲಿಯಬೇಕು.

ಕನ್ನಡದಲ್ಲಿ ಹಾಡುವವರಿಗೆ ಒಂದು ಅನುಕೂಲವೂ ಒಂದೆರಡು ಪೇಚುಗಳೂ ಇವೆ. ಅನುಕೂಲವೆಂದರೆ ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ದನಿ ಬಾಗಿಲು ಮುಚ್ಚದೆ ಹರಿಯುತ್ತದೆ. ಪೇಚು ಮಹಾಪ್ರಾಣದ್ದು. ಹೆಸರಲ್ಲೇ ಉಸಿರಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಮ್ಮೆ ‘ಕ’, ಒಮ್ಮೆ ‘ಖ’ ಅಂದು ನೋಡಿ. ಕುವೆಂಪು ಅವರಂಥ ಸಂಸ್ಕೃತದ ತುಂಬು ಪದಗಳ ಕವಿಯನ್ನು ಹಾಡುವಾಗ ಭ, ಧ, ಘಗಳನ್ನು ಸ್ಪಷ್ಟವಾಗಿ ಹೇಳುವ ಉತ್ಸಾಹದಲ್ಲಿ ಅರ್ಧ ಉಸಿರು ಅಲ್ಲೇ ಸೋರಿಹೋಗುತ್ತದೆ. ಮಹಾಪ್ರಾಣ ಕೇಳಿಸಲಿ, ಆದರೆ ಚುಟುಕಾಗಿರಲಿ. ಒತ್ತು ಅದರ ಮುಂದಿನ ಸ್ವರದ ಮೇಲಿರಲಿ. ಇನ್ನೊಂದು ಪೇಚು ‘ಎಲ್ಲ’ವನ್ನು ‘ಯೆಲ್ಲ’ ಎಂದೂ ‘ಒಂದು’ವನ್ನು ‘ವೊಂದು’ ಎಂದೂ ಎತ್ತುವವರದು. ಒಬ್ಬರೇ ಹಾಡಿದಾಗ ಅದು ಊರಿನ ಸೊಗಡು. ಮೂವತ್ತು ಜನರಲ್ಲಿ ಹದಿನೈದು ಮಂದಿ ‘ಎ’, ಹದಿನೈದು ಮಂದಿ ‘ಯೆ’ ಎಂದರೆ ಸಾಲಿನ ಮೊದಲ ಅಕ್ಷರವೇ ಮಂಜಾಗುತ್ತದೆ. ಯಾವುದಾದರೂ ಒಂದನ್ನು ಒಪ್ಪಿಕೊಂಡು ಹಾಡುವುದು ಮೇಲು.

ಶ್ರುತಿಯ ತಂಟೆ ಇದಕ್ಕಿಂತ ದೊಡ್ಡದು. ಗಂಡಸರಿಗೆ ಹಾರ್ಮೋನಿಯಂನ ಒಂದು, ಒಂದೂವರೆ ಮನೆ ಸುಖ, ಹೆಂಗಸರಿಗೆ ಐದು, ಐದೂವರೆ. ಒಟ್ಟಿಗೆ ಹಾಡುವಾಗ ನಡುವಿನ ಯಾವುದೋ ಶ್ರುತಿ ಇಟ್ಟುಕೊಂಡು ಇಬ್ಬರೂ ಕಷ್ಟಪಡುತ್ತೇವೆ. ಯುರೋಪಿನ ಚರ್ಚ್ ಸಂಗೀತ ಇದಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಪಾಲು ಮಾಡಿ ದಾರಿ ಕಂಡುಕೊಂಡಿತು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಅಂಥ ಧಾಟಿಗಳು ಕನ್ನಡದ ಬಾಯಿಗೂ ಬಂದವು. ಒಂದೇ ಧಾಟಿ ಹಾಡುವ ನಮ್ಮ ಸುಗಮ ಸಂಗೀತದ ತಂಡಗಳು ಕನಿಷ್ಠ ಚರಣಗಳನ್ನಾದರೂ ಹೆಂಗಸರಿಗೂ ಗಂಡಸರಿಗೂ ಹಂಚಿ, ಪಲ್ಲವಿಯನ್ನಷ್ಟೇ ಕೂಡಿ ಹಾಡಬಹುದು. ಎಟುಕದ ಸ್ವರಕ್ಕೆ ಗಂಟಲು ಹಿಚುಕುವುದಕ್ಕಿಂತ ಆ ಒಂದು ಸ್ವರದಲ್ಲಿ ಬಾಯಿ ಆಡಿಸಿ ಸುಮ್ಮನಿರುವುದು ಮರ್ಯಾದೆ. ಇದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಗುಂಪಿನಲ್ಲಿ ನಿಂತಾಗ ನಮಗೆ ತಿಳಿಯದ ಹಾಗೆ ದನಿ ಏರುತ್ತದೆ. ಸುತ್ತ ಗದ್ದಲವಿದ್ದರೆ ಮನುಷ್ಯ ತಾನಾಗಿ ಜೋರಾಗಿ ಮಾತಾಡುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದ. ಹಾಡುವ ಗುಂಪಿನಲ್ಲೂ ಅದೇ ನಡೆಯುತ್ತದೆ. ಪಕ್ಕದವರ ದನಿಯಲ್ಲಿ ನನ್ನದು ಕೇಳಿಸದಾಗ ನಾನು ಏರಿಸುತ್ತೇನೆ, ನನ್ನದು ಏರಿದ್ದಕ್ಕೆ ಅವರು ಏರಿಸುತ್ತಾರೆ. ಕೊನೆಗೆ ಹಾಡು ಹೋಗಿ ಸಂತೆಯಾಗುತ್ತದೆ. ಸ್ಟಾಕ್‌ಹೋಮ್‌ನ ಸ್ಟೆನ್ ಟರ್ನ್‌ಸ್ಟ್ರೋಮ್ ಗಾಯನ ತಂಡಗಳ ಶಬ್ದವಿಜ್ಞಾನದ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದವರು. ತನ್ನ ದನಿ ತನಗೆಷ್ಟು, ಇತರರದು ತನಗೆಷ್ಟು ಕೇಳಿಸುತ್ತದೆ ಎಂಬ ಪ್ರಮಾಣವನ್ನೇ ಅವರು ಅಳೆದರು. ನಮ್ಮ ಮಟ್ಟಿಗೆ ಪರಿಹಾರ ಸುಲಭ. ವೇದಿಕೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಬದಲು ಒಂದು ಮೊಳ ಜಾಗ ಬಿಟ್ಟು ನಿಲ್ಲಿ. ಪಕ್ಕದವರು ಕೇಳಿಸದಿದ್ದರೆ ನಿಮ್ಮ ದನಿ ಜೋರಾಗಿದೆ ಎಂದು ತಿಳಿಯಿರಿ.

ಗಂಟಲಿನ ಉಪಚಾರದ ಬಗ್ಗೆ ಎರಡೇ ಮಾತು. ಕಲ್ಲುಸಕ್ಕರೆ, ಕರಿಮೆಣಸು, ಕಷಾಯ ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಅವು ಹೋಗುವುದು ಅನ್ನನಾಳಕ್ಕೆ. ಮುಟ್ಟಿದ್ದರೆ ನೆತ್ತಿಗೇರಿ ಕೆಮ್ಮು ಬರುತ್ತಿತ್ತು. ಕುಡಿದ ನೀರು ಮೈಗೆ ಹಿಡಿದು ತಂತುಗಳನ್ನು ತೇವ ಮಾಡಲು ಹೊತ್ತು ಬೇಕು, ಆದ್ದರಿಂದ ವೇದಿಕೆ ಹತ್ತುವಾಗ ಗಟಗಟ ಕುಡಿಯುವುದಕ್ಕಿಂತ ಬೆಳಗಿನಿಂದ ಕುಡಿಯುತ್ತಿರಿ. ದನಿ ಬಿಸಿಮಾಡಲು ಮಕ್ಕಳು ಬಸ್ಸು ಓಡಿಸುವ ಆಟದಲ್ಲಿ ತುಟಿ ಅದುರಿಸಿ ‘ಬುರ್ರ್’ ಎನ್ನುತ್ತಾರಲ್ಲ, ಅದನ್ನೇ ಸರಿಗಮದಲ್ಲಿ ಏರಿಸಿ ಇಳಿಸಿ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಎಬ್ಬಿಸುತ್ತ ‘ಊ’ ಎಂದು ಎಳೆಯುವುದೂ ಆಗುತ್ತದೆ. ಬಾಯಿಯ ತುದಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೆ ತಳ್ಳಿ ತಂತುಗಳ ಬಡಿತವನ್ನು ಹಗುರ ಮಾಡುತ್ತದೆ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಈ ಸ್ಟ್ರಾ ಅಭ್ಯಾಸವನ್ನು ಜನಪ್ರಿಯಗೊಳಿಸಿದರು.

ಮತ್ತೆ ಆ ಮೈದಾನದ ಸದ್ದಿಗೆ ಬರುತ್ತೇನೆ. ಒಬ್ಬರೇ ಹಾಡುವಾಗ ಉಸಿರು ಮುಗಿದರೆ ಹಾಡು ಕಡಿಯುತ್ತದೆ, ಬೇರೆ ದಾರಿಯಿಲ್ಲ. ತಂಡದಲ್ಲಿ ಹಾಗಲ್ಲ. ಕೇಶಿರಾಜನ ಶತಮಾನದಲ್ಲೇ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದ. ಅದರಲ್ಲಿ ವೃಂದಕ್ಕೆ, ಅಂದರೆ ಹಾಡುವ ಬಾರಿಸುವ ತಂಡಕ್ಕೆ, ಆರು ಗುಣಗಳನ್ನು ಹೇಳುತ್ತಾನೆ. ಮುಖ್ಯ ಗಾಯಕನನ್ನು ಅನುಸರಿಸುವುದು, ದನಿಗಳು ಬೆರೆಯುವುದು, ತಾಳದೊಳಗೆ ನಡೆಯುವುದು, ಮೂರೂ ಸ್ಥಾಯಿಗೆ ಹರಡುವ ಶಕ್ತಿ, ದನಿಗಳ ಹೋಲಿಕೆ, ಇವು ಐದು. ಇನ್ನೊಂದು ‘ತ್ರುಟಿತ ನಿರ್ವಾಹ’: ಒಬ್ಬರಲ್ಲಿ ತುಂಡಾದದ್ದನ್ನು ಇನ್ನೊಬ್ಬರು ನಿಭಾಯಿಸುವುದು, ಅದೂ ಪರಸ್ಪರ. ಇವತ್ತು ಕ್ವಾಯರ್ ಮಾಸ್ಟರುಗಳು ಸ್ಟ್ಯಾಗರ್ಡ್ ಬ್ರೀದಿಂಗ್ ಎಂದು ಕಲಿಸುವುದನ್ನು ಇದಕ್ಕಿಂತ ಅಡಕವಾಗಿ ಹೇಳಲು ನನಗೆ ಬಾರದು.

ಮಾಡುವುದು ಹೀಗೆ. ಸಾಲಿನ ಕೊನೆಯಲ್ಲಿ, ಎಲ್ಲರೂ ಎಳೆಯುವ ಕಡೆ ಉಸಿರು ತೆಗೆಯಬೇಡಿ. ಯಾವುದಾದರೂ ದೀರ್ಘ ಸ್ವರದ ನಡುವೆ ದನಿಯನ್ನು ಮೆಲ್ಲಗೆ ಇಳಿಸಿ ಹೊರಬನ್ನಿ, ಉಸಿರು ತುಂಬಿಕೊಳ್ಳಿ, ಬಂದಷ್ಟೇ ಮೆಲ್ಲಗೆ ಅದೇ ಸ್ವರದೊಳಗೆ ಸೇರಿಕೊಳ್ಳಿ. ವ್ಯಂಜನದ ಮೇಲೆ ಮಾತ್ರ ಮರಳಿ ಸೇರಬೇಡಿ, ಅದು ಎಡವಿದ ಹಾಗೆ ಕೇಳಿಸುತ್ತದೆ. ಪಕ್ಕದವರು ಬಿಟ್ಟ ಕಡೆ ನೀವು ಬಿಡಬಾರದು. ಅದಕ್ಕೆ ಮೊದಲೇ ಮಾತಾಡಿಕೊಂಡು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಎಂಟು ಹತ್ತು ಜನ ಹೀಗೆ ಸರದಿ ಹಾಕಿಕೊಂಡರೆ ಕೇಳುವವರಿಗೆ ಸ್ವರ ಎಲ್ಲೂ ನಿಂತದ್ದೇ ತಿಳಿಯುವುದಿಲ್ಲ. ಇದರ ಲಾಭ ಹೆಚ್ಚು ಸಿಗುವುದು ವಯಸ್ಸಾದವರಿಗೆ. ಶ್ವಾಸಕೋಶದ ಕಸುವು ವಯಸ್ಸಿನೊಂದಿಗೆ ಇಳಿಯುತ್ತದೆ. ಭಜನಾ ಮಂಡಳಿಯ ಎಷ್ಟೋ ಹಿರಿಯ ಹೆಂಗಸರು ‘ನನಗೆ ದಮ್ಮು ಸಾಲುವುದಿಲ್ಲಮ್ಮ’ ಎಂದು ಹಾಡು ಬಿಟ್ಟು ತಾಳ ಹಿಡಿದು ಕೂರುತ್ತಾರೆ. ಅವರ ಶ್ರುತಿ ಜ್ಞಾನ ಹೊಸಬರಿಗಿಂತ ಮೇಲಿರುತ್ತದೆ, ಕೊರತೆ ಇರುವುದು ನಾಲ್ಕು ಸೆಕೆಂಡಿನ ಗಾಳಿಯದು. ಅದನ್ನು ಪಕ್ಕದವರು ತುಂಬಿಕೊಡಬಹುದು.

ಕೂಡಿ ಉಸಿರಾಡಬೇಕಾದ ಕಡೆಗಳೂ ಇವೆ, ಹಾಡು ಎತ್ತಿಕೊಳ್ಳುವಾಗ, ಚರಣ ಬದಲಾಗುವಾಗ. ಸ್ವೀಡನ್ನಿನ ಯೊಥೆಬೊರಿ ವಿಶ್ವವಿದ್ಯಾಲಯದ ಬ್ಯೋರ್ನ್ ವಿಕ್‌ಹಾಫ್ ಮತ್ತವರ ಸಂಗಡಿಗರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟಿಗೆ ಹಾಡುವವರ ಉಸಿರು ಒಂದೇ ಲಯಕ್ಕೆ ಬಂದಾಗ ಅವರ ಎದೆಬಡಿತವೂ ಒಟ್ಟಿಗೆ ಏರಿ ಇಳಿಯುವುದನ್ನು ಅದು ತೋರಿಸಿತು. ಉಸಿರು ಹಂಚಿಕೊಳ್ಳುವುದರ ಇನ್ನೊಂದು ಮುಖವನ್ನು 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ತಂಡವೊಂದು ಕಂಡಿತು. ಎರಡೂವರೆ ಗಂಟೆಯ ಒಂದು ಅಭ್ಯಾಸಕ್ಕೆ ಬಂದ 61 ಮಂದಿಯಲ್ಲಿ 53 ಮಂದಿ ಕೋವಿಡ್‌ಗೆ ಸಿಕ್ಕಿದರು, ಇಬ್ಬರು ತೀರಿಕೊಂಡರು. ಅಭ್ಯಾಸದ ಕೋಣೆಯ ಕಿಟಕಿಗಳನ್ನು ತೆರೆದಿಡಿ. ಶೀತ ಕೆಮ್ಮು ಇದ್ದವರನ್ನು ಆ ದಿನ ಮನೆಯಲ್ಲೇ ಇರಿ ಎನ್ನಿ.

ಈ ಸಲದ ರಾಜ್ಯೋತ್ಸವಕ್ಕೆ ತಂಡ ಕಟ್ಟುವವರಲ್ಲಿ ಒಂದು ಕೋರಿಕೆ. ಎರಡು ಗಂಟೆಯ ಅಭ್ಯಾಸದಲ್ಲಿ ಮೊದಲ ಹತ್ತು ನಿಮಿಷ ಹಾರ್ಮೋನಿಯಂ ಮುಚ್ಚಿಡಿ, ಬರೀ ಉಸಿರಿಗೆ ಕೊಡಿ. ಸಾಹಿತ್ಯದ ಹಾಳೆ ಹಂಚುವಾಗ ಜೊತೆಗೊಂದು ಪೆನ್ಸಿಲ್ ಕೊಡಿ.